ಆ ಗೀಸರ್ ಹಚ್ಚಬೇಡಿ

ಬರ್ಮಿಂಗ್‌ಹ್ಯಾಮ್
ಭಾನುವಾರ

ಪ್ರೀತಿಯ ಅವ್ವ, ಅಪ್ಪ,

ನಮಸ್ಕಾರಗಳು. ನಾವಿಬ್ಬರೂ ಇಲ್ಲಿ ಆರಾಮ. ನೀವೆಲ್ಲ ಆರಾಮ ಅಂತ ತಿಳಿದಿದ್ದೇನೆ. ಚಿನ್ನುವಿನ ಪರೀಕ್ಷೆ ಚಲೋ ಆಗಿರಬೇಕು.

ಅವ್ವ, ನೀನು ಬರೆದು, ವೈನಿ ಫೋಟೋ ತೆಗೆದು ಕಳಿಸಿದ ಕಾಗದ ಓದಿದೆ. ತುಂಬ ನನ್ನದೇ ಚಿಂತೆ. ನಾವು ಮನೆ ಮಾಡಿಕೊಂಡಿರುವ ಕಾಲುವೆಯ ಬೋಟಿನಲ್ಲಿ ನೀರು ಕಾಯಿಸುವ ಡ್ರಮ್ ಕೆಟ್ಟಿದೆ ಅಂದದ್ದೇ ತಡ, ಈ ಥಂಡಿಯಲ್ಲಿ ಮಗಳು ತಣ್ಣೀರು ಸುರಿದುಕೊಳ್ಳುತ್ತಿದ್ದಾಳೆ ಅಂತ ನೀನು ನಿದ್ದೆ ಕೆಡಿಸಿಕೊಂಡಿದ್ದೀಯ. ಕಾಗದದ ಕೊನೆಗೆ, ಮೂಲೆಯಲ್ಲಿ, ಒಂದೇ ಒಂದು ಸಾಲು: ‘ಅಪ್ಪ ಜಳಕಕ್ಕ ಹೋದಾಗ ತಲಿ ತಿರುಗಿ ಬಾಗಲಾಗ ಕೂತಿದ್ರು, ಬಿ.ಪಿ. ಇರಬೇಕು, ಈಗ ಏನೂ ಇಲ್ಲ.’ ಅದನ್ನು ಓದಿ ನನ್ನ ಜೀವ ಹಾರಿಹೋಯಿತು.

ಈ ಕಾಗದ ನೋಡಿದ ಕೂಡಲೇ ಬಚ್ಚಲಿನ ಗ್ಯಾಸ್ ಗೀಸರ್ ಬಂದ್ ಮಾಡಿ. ಸಿಲಿಂಡರ್‌ನ ರೆಗ್ಯುಲೇಟರ್ ತೆಗೆದು ಬೇರೆ ಇಡಿ. ನಿನ್ನೆ ರಾತ್ರಿ ಅಣ್ಣನಿಗೆ ಫೋನಿನಲ್ಲಿ ಹೇಳಿದ್ದೇನೆ. ಹೂಂ ಅಂದು ಫೋನ್ ಇಟ್ಟ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ, ಎಲ್ಲರೂ ಕೂತು ಓದಿ. ಯಾಕೆ ಅನ್ನುವುದು ತಿಳಿಯಬೇಕಾದರೆ ಇಲ್ಲಿಯ ಬಿಸಿನೀರಿನ ವಿಷಯ ಹೇಳಬೇಕು. ಅದನ್ನು ಬದಲಿಸುವಾಗಲೇ ಇದೆಲ್ಲ ನನಗೆ ಗೊತ್ತಾದದ್ದು.

ಬೋಟು ನೀವು ಫೋಟೋದಲ್ಲಿ ನೋಡಿದ್ದೇ. ಅಗಲ ಏಳು ಅಡಿಗೂ ಎರಡು ಇಂಚು ಕಡಿಮೆ. ಇಲ್ಲಿಯ ಕಾಲುವೆಗಳ ಕಿರಿದಾದ ಲಾಕ್‌ಗಳನ್ನು, ಅಂದರೆ ನೀರು ತುಂಬಿಸಿ ಇಳಿಸಿ ಬೋಟನ್ನು ಏರಿಸುವ ಇಳಿಸುವ ಬಾಗಿಲಿನ ಕಟ್ಟೆಗಳನ್ನು, 18ನೇ ಶತಮಾನದಲ್ಲಿ ಏಳು ಅಡಿ ಅಗಲಕ್ಕೆ ಕಟ್ಟಿದರು, ಬೋಟುಗಳು ಇವತ್ತಿಗೂ ಅದೇ ಅಳತೆಯಲ್ಲಿವೆ. ಅಷ್ಟರಲ್ಲೇ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಇದೆ. ಮುಳುಗುತ್ತದೆ ಅನ್ನುವ ಹೆದರಿಕೆ ಬೇಡ ಅವ್ವ, ಬಹಳ ಕಡೆ ಕಾಲುವೆಯ ನೀರು ಎದೆಮಟ್ಟ ಕೂಡ ಇಲ್ಲ.

ನೀರು ಕಾಯಿಸುವ ಡ್ರಮ್ಮಿಗೆ ಇಲ್ಲಿ ಕ್ಯಾಲೊರಿಫೈಯರ್ ಅನ್ನುತ್ತಾರೆ. ಅಜ್ಜಿಯ ಮನೆಯ ಬಂಬ್ ನೆನಪಿದೆಯಲ್ಲ, ನಡುವೆ ಬೆಂಕಿಯ ಕೊಳವೆ, ಸುತ್ತ ನೀರು? ಇದೂ ಹಾಗೇ, ಆದರೆ ಒಳಗೆ ಬೆಂಕಿ ಇಲ್ಲ, ತಾಮ್ರದ ಸುರುಳಿ ಇದೆ. ಎಂಜಿನ್‌ನ ಕಾವು ಹೀರಿಕೊಂಡು ಬರುವ ನೀರು ಆ ಸುರುಳಿಯಲ್ಲಿ ಹರಿಯುತ್ತದೆ, ಸುತ್ತಲಿನ ಜಳಕದ ನೀರು ಕಾಯುತ್ತದೆ. ಎರಡು ನೀರೂ ಸೇರುವುದಿಲ್ಲ. ಬೋಟು ಒಂದೆರಡು ತಾಸು ನಡೆಸಿದರೆ ಬೇರೆ ಖರ್ಚಿಲ್ಲದೆ ಬಿಸಿನೀರು ಸಿಗುತ್ತದೆ. ಡ್ರಮ್ಮಿನ ಮೈಗೆಲ್ಲ ದಪ್ಪ ಫೋಮ್ ಇರುವುದರಿಂದ ರಾತ್ರಿ ಕಾದ ನೀರು ಬೆಳಗಿನ ಜಳಕಕ್ಕೂ ಬಿಸಿಯಾಗೇ ಇರುತ್ತದೆ. ದಂಡೆಗೆ ಕಟ್ಟಿದಾಗ ಕರೆಂಟಿನ ಕಾಯಿಲ್ ಇದೆ, ಒಂದು ಕಿಲೋವಾಟ್. 55 ಲೀಟರ್ ಕಾಯಲು ಮೂರು ತಾಸಿಗಿಂತ ಸ್ವಲ್ಪ ಜಾಸ್ತಿ ಬೇಕು.

ಹಳೆಯ ಡ್ರಮ್ ನಮಗಿಂತ ಮುಂಚಿನವರ ಕಾಲದ್ದು. ಒಂದು ಚಳಿಗಾಲ ಅವರು ನೀರು ಖಾಲಿ ಮಾಡದೆ ಬಿಟ್ಟುಹೋಗಿದ್ದರಂತೆ. ನೀರು ಹೆಪ್ಪುಗಟ್ಟಿದರೆ ಉಬ್ಬುತ್ತದೆ, ತಾಮ್ರದ ಹೊಲಿಗೆ ಬಿಡುತ್ತದೆ. ನಾವು ಹಲಗೆ ತೆಗೆದು ನೋಡಿದರೆ ಬೆಸುಗೆಯ ಉದ್ದಕ್ಕೂ ಹಸಿರು ಕಿಲುಬು, ಕೆಳಗಿನ ಕಟ್ಟಿಗೆ ಕೊಳೆತಿತ್ತು. ಬೆಸುಗೆ ಹಾಕಿಸಿ ಉಪಯೋಗವಿಲ್ಲ, ಹೊಸದೇ ತರಬೇಕು ಅಂತಾಯಿತು. ದುಡ್ಡು ಜಾಸ್ತಿ ಅಂತ ಇವರು ಗ್ಯಾಸ್ ಗೀಸರ್ ಹಾಕೋಣ ಅಂದರು. ನಾನೂ ಒಪ್ಪಿದ್ದೆ, ನಮ್ಮ ಮನೆಯಲ್ಲೂ ಅದೇ ಇದೆಯಲ್ಲ ಅಂತ.

ಪಕ್ಕದ ಬೋಟಿನ ಅಜ್ಜ ಅದನ್ನು ಕೇಳಿ ಚಾದ ಕಪ್ಪು ಕೆಳಗಿಟ್ಟುಬಿಟ್ಟರು. ಗ್ಯಾಸ್ ಉರಿಯಲು ಗಾಳಿ ಬೇಕು. ಸಣ್ಣ ಕೋಣೆಯ ಬಾಗಿಲು ಮುಚ್ಚಿದರೆ ಗಾಳಿ ಸಾಲುವುದಿಲ್ಲ, ಆಗ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಕ್ಸಿಜನ್‌ಗಿಂತ 200 ಪಟ್ಟು ಜಾಸ್ತಿ ಗಟ್ಟಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆ ತಿರುಗುತ್ತದೆ, ಓಕರಿಕೆ ಬರುತ್ತದೆ, ಕಾಲಲ್ಲಿ ಶಕ್ತಿ ಹೋಗುತ್ತದೆ. ಬಾಗಿಲು ತೆಗೆಯಬೇಕು ಅಂತ ತಿಳಿದರೂ ಏಳಲು ಆಗುವುದಿಲ್ಲ. ಇಲ್ಲಿ ಬೋಟುಗಳಿಗೆ ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತೆಯ ಪರೀಕ್ಷೆ ಆಗುತ್ತದೆ. ಇರಲು ಮಲಗಲು ಜಾಗ ಇರುವ ಬೋಟಿನಲ್ಲಿ ಈ ಗ್ಯಾಸ್ ಹಿಡಿಯುವ ಅಲಾರಂ ಇರಲೇಬೇಕು ಅಂತ 2019ರ ಏಪ್ರಿಲ್‌ನಿಂದ ನಿಯಮ ಮಾಡಿದ್ದಾರೆ. ಗ್ಯಾಸ್ ಗೀಸರ್ ಹಾಕುವುದೇ ಆದರೆ ಹೊರಗಿನಿಂದಲೇ ಗಾಳಿ ಎಳೆದು, ಹೊಗೆಯನ್ನೂ ಹೊರಗೇ ಬಿಡುವ ಮುಚ್ಚಿದ ನಮೂನೆಯದು ಹಾಕಿ ಅಂತಾರೆ. ನಾವು ಆ ಯೋಚನೆಯನ್ನೇ ಬಿಟ್ಟು ಡ್ರಮ್ಮನ್ನೇ ತಂದೆವು.

ಹಾಕಿದ್ದು ನಾವೇ. ಪಾನಾ ಹಿಡಿದವಳು ನಾನು, ಟಾರ್ಚ್ ಹಿಡಿದವರು ಇವರು, ಅಜ್ಜ ಮೆಟ್ಟಿಲ ಮೇಲೆ ಕೂತು ಹೇಳಿಕೊಡುತ್ತಿದ್ದರು. ಅಪ್ಪ, ನೀವು ಸ್ಕೂಟರ್ ಬಿಚ್ಚುವಾಗ ಪಕ್ಕದಲ್ಲಿ ಕೂತು ಕಲಿತದ್ದೆಲ್ಲ ಉಪಯೋಗಕ್ಕೆ ಬಂತು. ಎಂಜಿನ್ ಚಾಲೂ ಮಾಡಿದಾಗ ಒಂದು ಹೋಸ್ ಬಿಸಿ, ಇನ್ನೊಂದು ತಣ್ಣಗೆ. ಸುರುಳಿಯಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಎಂಜಿನ್ ಬಂದ್ ಮಾಡಿ, ಆರಲು ಬಿಟ್ಟು, ಎತ್ತರದ ಜೋಡಣೆಯ ಸ್ಕ್ರೂ ಸ್ವಲ್ಪ ಸಡಿಲ ಮಾಡಿದೆ. ಬುಸ್ ಅಂತ ಗಾಳಿ ಬಂತು, ನಾಲ್ಕು ಹನಿ ಬಂತು, ಬಿಗಿ ಮಾಡಿದೆ. ಮತ್ತೆ ಚಾಲೂ ಮಾಡಿ ಹೋಸ್ ಮೇಲೆ ಕೈ ಇಟ್ಟು ಕೂತೆ. ಬೆಚ್ಚಗಾಗುತ್ತಾ ಆಗುತ್ತಾ ಕೈ ತೆಗೆಯುವಷ್ಟು ಬಿಸಿ ಆಯಿತು. ಅಷ್ಟು ಖುಷಿ ಆಯಿತು ನನಗೆ. ಕಾದ ನೀರು ಹಿಗ್ಗುತ್ತದೆ, 55 ಲೀಟರಿಗೆ ಹತ್ತಿರ ಹತ್ತಿರ ಒಂದು ಲೀಟರ್. ಅದಕ್ಕೆ ಜಾಗ ಕೊಡಲು ಒಂದು ಸಣ್ಣ ಡಬ್ಬಿ ಇದೆ, ಒತ್ತಡ ಮಿತಿ ಮೀರಿದರೆ ನೀರು ಹೊರಗೆ ಬಿಡುವ ವಾಲ್ವ್ ಇದೆ, ಮೈ ಸುಡದ ಹಾಗೆ ತಣ್ಣೀರು ಬೆರೆಸುವ ವಾಲ್ವ್ ಬೇರೆ. ಎಲ್ಲ ಹೊಸದು. ಐದಾರು ದಿನಕ್ಕೊಮ್ಮೆ ನೀರು ಬರುತ್ತಿದ್ದ ಧಾರವಾಡದಲ್ಲಿ ಬೆಳೆದವಳು ನಾನು, ಟ್ಯಾಂಕಿನ ನೀರು ಹೇಗೆ ಉಳಿಸಬೇಕು ಅಂತ ಇಲ್ಲಿಯವರಿಗೇ ಹೇಳಿಕೊಡುತ್ತೇನೆ. ದಿನಾ ಬಿಸಿಬಿಸಿ ಜಳಕ ಮಾಡುತ್ತಿದ್ದೇನೆ ಅವ್ವ, ಖರೇನೇ, ನನ್ನ ಚಿಂತೆ ಬಿಟ್ಟುಬಿಡು.

ಈಗ ಮನೆಯ ಮಾತು. ನಮ್ಮ ಗೀಸರ್ ಇರುವುದು ಬಚ್ಚಲ ಒಳಗೇ. ಥಂಡಿ ಗಾಳಿ ಬರುತ್ತದೆ ಅಂತ ಕಿಟಕಿಗೆ ರಟ್ಟು ಹೊಡೆದಿದೆ. ಅಪ್ಪ ಬಾಗಿಲು ಚಿಲಕ ಹಾಕಿಕೊಂಡು, ನಳ ಬಿಟ್ಟುಕೊಂಡು, ಜಪ ಮಾಡುತ್ತಾ ಅರ್ಧ ತಾಸು ಜಳಕ ಮಾಡುತ್ತಾರೆ. ಅಜ್ಜ ಹೇಳಿದ ಸಣ್ಣ ಕೋಣೆ ಇದೇ ಅಲ್ವಾ? ವಾಸನೆ ಬಂದರೆ ಗೊತ್ತಾಗುತ್ತದೆ ಅಂತೀ ನೀನು. ಸಿಲಿಂಡರ್ ಸೋರಿದರೆ ವಾಸನೆ ಬರುತ್ತದೆ, ಯಾಕಂದರೆ ಅದಕ್ಕೆ ವಾಸನೆ ಬೆರೆಸಿರುತ್ತಾರೆ. ಉರಿದು ಹುಟ್ಟುವ ಈ ವಿಷಕ್ಕೆ ಬರುವುದಿಲ್ಲ. ಬೆರಳಿಗೆ ಹಾಕುವ ಮಷಿನ್ 98 ತೋರಿಸಿತು ಅಂತ ಅಣ್ಣ ಸಮಾಧಾನ ಹೇಳಿದ. ರಕ್ತಕ್ಕೆ ಅಂಟಿದ್ದು ಆಕ್ಸಿಜನ್ನೋ ಈ ಗ್ಯಾಸೋ ಅನ್ನುವುದು ಆ ಮಷಿನ್‌ಗೆ ತಿಳಿಯುವುದಿಲ್ಲ. ಹೊರಗೆ ಬಂದು ಗಾಳಿಗೆ ಕೂತರೆ ಕೆಲವು ತಾಸಿನಲ್ಲಿ ಅದು ತಾನೇ ಇಳಿಯುತ್ತಾ ಹೋಗುತ್ತದೆ. ಆಮೇಲೆ ಡಾಕ್ಟರು ನೋಡಿದರೆ ಬಿ.ಪಿ. ಅಂತಲೇ ಅನಿಸುತ್ತದೆ. ಬಿ.ಪಿ. ಇರಲೂಬಹುದು, ಇಲ್ಲ ಅನ್ನುವುದಿಲ್ಲ. ಆದರೆ ತಲೆ ತಿರುಗಿದ್ದು ಜಳಕದ ಹೊತ್ತಿನಲ್ಲಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಗ್ಯಾಸ್ ಗೀಸರ್ ಇದೆ ಅಂತ ಬಾಯಿ ಬಿಟ್ಟು ಹೇಳಿ. ನೀವು ಹೇಳದಿದ್ದರೆ ಅವರಿಗೆ ಹೊಳೆಯುವುದು ಕಷ್ಟ.

ಅಣ್ಣ, ಕಿಟಕಿಯ ರಟ್ಟು ಇವತ್ತೇ ಕಿತ್ತುಹಾಕು. ಗೀಸರ್ ಹಿತ್ತಲ ಕಡೆಯ ಗೋಡೆಗೆ ಹೊರಗೆ ಹಾಕಿಸಿ ಪೈಪು ಮಾತ್ರ ಒಳಗೆ ತಂದರೂ ನಡೆಯುತ್ತದೆ. ಆದರೆ ನನ್ನ ಮನಸ್ಸಿಗೆ ಅದು ಬೇಡವೇ ಬೇಡ. 25 ಲೀಟರಿನ ಕರೆಂಟ್ ಗೀಸರ್ ತಂದುಬಿಡು, ದುಡ್ಡು ನಾನು ಹಾಕುತ್ತೇನೆ. ಬೇಡ ಅನ್ನಬೇಡ. ಕರೆಂಟು ಹೋಗುತ್ತದೆ ಅಂತ ನೀನು ಅಂತೀ, ಒಮ್ಮೆ ಕಾದರೆ ಆ ನೀರೂ ತಾಸುಗಟ್ಟಲೆ ಬಿಸಿ ಇರುತ್ತದೆ. ಅರ್ಥಿಂಗ್ ಸರಿ ಇದೆಯೋ ನೋಡಿಸು, ಒತ್ತಡದ ವಾಲ್ವ್ ಇಲ್ಲದೆ ಕೂರಿಸಲು ಬಿಡಬೇಡ. ನಮ್ಮ ಬೋರಿನ ನೀರು ಗಡಸು, ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸು. ಒಳಗೆ ಮೆಗ್ನೀಷಿಯಂ ಸರಳು ಇದ್ದರೆ ಅದನ್ನೂ ನೋಡಿಸು, ಟ್ಯಾಂಕು ತುಕ್ಕು ಹಿಡಿಯದಂತೆ ತಾನು ಸವೆಯುವುದೇ ಅದರ ಕೆಲಸ. ಅಲ್ಲಿಯವರೆಗೆ ಅಡುಗೆಮನೆಯಲ್ಲಿ ಕಿಟಕಿ ತೆಗೆದು ಪಾತೇಲಿಯಲ್ಲಿ ಕಾಯಿಸಿ, ಇಲ್ಲಾ ಹಿತ್ತಲಲ್ಲಿ ಹಂಡೆ ಹೂಡಿ. ಚಿನ್ನುವನ್ನೂ ಆ ಗೀಸರ್ ಹಚ್ಚಿ ಒಳಗೆ ಬಿಡಬೇಡಿ ವೈನಿ, ಮಕ್ಕಳಿಗೆ ಬೇಗ ಏರುತ್ತದೆ.

ಅಪ್ಪ, ನಿಮಗೊಂದು ಮಾತು. ಒಳಗೆ ಚಿಲಕ ಹಾಕಬೇಡಿ, ಬಾಗಿಲು ಸುಮ್ನೆ ಮುಂದೆ ಮಾಡಿದರೆ ಸಾಕು. ಇಷ್ಟು ವರ್ಷ ಏನೂ ಆಗಿಲ್ಲ ಅನ್ನಬೇಡಿ. ನನಗೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ.

ಹೆದರಿಸಲು ಬರೆದದ್ದಲ್ಲ. ಹೆದರಬೇಡಿ, ಬಂದ್ ಮಾಡಿದರೆ ಮುಗಿಯಿತು, ಏನೂ ಆಗುವುದಿಲ್ಲ. ನಾವು ಆರಾಮ ಇದ್ದೇವೆ, ಖರೇನೇ ಆರಾಮ. ಇವರು ನಮಸ್ಕಾರ ಹೇಳಿದ್ದಾರೆ. ದೊಡ್ಡಕ್ಕನಿಗೆ ಆಮೇಲೆ ಬೇರೆ ಬರೆಯುತ್ತೇನೆ. ಡ್ಯೂಟಿಗೆ ಹೊತ್ತಾಯಿತು, ಬಸ್ಸು ತಪ್ಪುತ್ತದೆ.

ನಿಮ್ಮ ಮಗಳು

ಅಣ್ಣ, ರಟ್ಟು ತೆಗೆದ ಕಿಟಕಿ, ತೆಗೆದಿಟ್ಟ ರೆಗ್ಯುಲೇಟರ್, ಎರಡರದೂ ಫೋಟೋ ಇವತ್ತೇ ಕಳಿಸು.