ಪುಟ್ಟನ ಚಿಂತೆ ಬಿಡಿ ಅಪ್ಪಾ

ತಾಂಪೆರೆ, ಫಿನ್‌ಲ್ಯಾಂಡ್

ಪ್ರೀತಿಯ ಅಪ್ಪನಿಗೆ,

ಸುಮಾ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ನೀವೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಅಮ್ಮನ ಮಂಡಿನೋವಿನ ಮಾತ್ರೆ ತಪ್ಪಿಸಬೇಡಿ.

ನಿಮ್ಮ ಕಾಗದ ತಲುಪಿತು. ಫೋನಿನಲ್ಲಿ ನಿಮ್ಮ ಮೊಮ್ಮಗನ ಸ್ಕೂಲಿನ ಸೈಕಾಲಜಿಸ್ಟ್ ಅಂತ ಒಂದು ಮಾತು ಬಂದಿದ್ದಕ್ಕೆ ಹಿರೇಮಗಳೂರಿನಲ್ಲಿ ಇಷ್ಟೆಲ್ಲ ಆಗಿದೆ ಅಂತ ಗೊತ್ತಿರಲಿಲ್ಲ. ಅಮ್ಮ ಹೊರನಾಡಿಗೆ ಹರಕೆ ಕಟ್ಟಿಕೊಂಡಿದ್ದಾಳಂತೆ. ಕಟ್ಟಿಕೊಳ್ಳಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಶೇಖರ ಮಾವ "ಹುಡುಗನಿಗೆ ಬುದ್ಧಿ ಮಂದ ಇರಬೇಕು" ಅಂದರಲ್ಲ, ಅದು ಮಾತ್ರ ಚುಚ್ಚಿತು. ನೀವು ಬೇರೆ "ಕೂಡಲೇ ಕರೆದುಕೊಂಡು ಬಾ, ಬಸವನಹಳ್ಳಿಯಲ್ಲಿ ಟ್ಯೂಷನ್‌ಗೆ ಹಾಕೋಣ" ಅಂತ ಬರೆದಿದ್ದೀರಿ. ಪುಟ್ಟನಿಗೆ ಏನೂ ಆಗಿಲ್ಲ ಅಪ್ಪಾ. ದೇವರಾಣೆಗೂ ಏನೂ ಆಗಿಲ್ಲ.

ಆಗಿದ್ದು ಇಷ್ಟೇ. ಎರಡನೇ ಕ್ಲಾಸಿಗೆ ಬಂದರೂ ಅವನಿಗೆ ಓದುವುದು ಸಲೀಸಾಗಿಲ್ಲ. ಪದದ ಮಧ್ಯದ ಅಕ್ಷರಗಳನ್ನು ನುಂಗುತ್ತಾನೆ. ಸ್ಕೂಲಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಅಂತ ಅಳಲು ಶುರು ಮಾಡಿದ್ದ. ಅವನ ಟೀಚರೇ ಗಮನಿಸಿ ನಮ್ಮನ್ನು ಕರೆಸಿದರು. ಬೈಯಲಿಕ್ಕಲ್ಲ, ಕೂರಿಸಿ ಕಾಫಿ ಕೊಟ್ಟು ಮಾತಾಡಿದರು. (ಕಾಫಿ ಕುಡಿಯುವುದರಲ್ಲಿ ಇವರು ನಮ್ಮ ಮಲೆನಾಡಿನವರನ್ನೂ ಮೀರಿಸುತ್ತಾರೆ. ಆದರೆ ಬರೀ ತಿಳಿನೀರು, ನಿಮಗೆ ಒಂದು ಗುಟುಕೂ ಇಳಿಯಲ್ಲ.)

ಈಗ ಒಬ್ಬರು ವಿಶೇಷ ಶಿಕ್ಷಕಿ ಅವನ ಕ್ಲಾಸಿಗೇ ಬರುತ್ತಾರೆ. ಬೇರೆ ಮಕ್ಕಳಿಗೂ ಹೇಳಿಕೊಡುತ್ತಾರೆ, ಇವನೊಬ್ಬನಿಗೇ ಅಲ್ಲ. ಒಂದು ದಿನ ಹೋಗಿ ನೋಡಿದೆ. ಆ ಶಿಕ್ಷಕಿ ಚಿಕ್ಕ ಸ್ಟೂಲ್ ಎಳೆದುಕೊಂಡು ಮಕ್ಕಳ ಪಕ್ಕ ಕೂರುತ್ತಾರೆ. ಇಲ್ಲಿನ ಚಿಕ್ಕ ಮಕ್ಕಳ ಪುಸ್ತಕದಲ್ಲಿ ಪದಗಳನ್ನು ತುಂಡು ತುಂಡು ಮಾಡಿ ನಡುವೆ ಗೆರೆ ಹಾಕಿ ಅಚ್ಚು ಮಾಡಿರುತ್ತಾರೆ. ಒಂದೊಂದು ತುಂಡಿಗೆ ಒಂದೊಂದು ಸಲ ಡೆಸ್ಕಿನ ಮೇಲೆ ಬೆರಳಿನಿಂದ ತಟ್ಟಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ, ಅವಸರವೇ ಇಲ್ಲ. ಈಗ ಇವನಿಗೆ ಅದೇ ಚಟ ಆಗಿದೆ. ಊಟಕ್ಕೆ ಕೂತರೆ ಚಮಚದಲ್ಲಿ ತಟ್ಟೆ ಬಡಿಯುತ್ತಾ ಚಿ-ಕ್ಕ-ಮ-ಗ-ಳೂ-ರು ಅನ್ನುತ್ತಾನೆ. ಯುವಾಸ್ಕುಲಾ ವಿಶ್ವವಿದ್ಯಾಲಯದವರು ಮಾಡಿದ 'ಎಕಪೆಲಿ' ಅಂತ ಒಂದು ಕಂಪ್ಯೂಟರ್ ಆಟವೂ ಇದೆ. ಶಬ್ದ ಕೇಳಿ ಸರಿಯಾದ ಅಕ್ಷರ ಹಿಡಿಯಬೇಕು. ಅದನ್ನು ಮಾತ್ರ ಕರೆಯದೆಯೇ ಬಂದು ಆಡುತ್ತಾನೆ.

ಮನೆಯಲ್ಲಿ ಕನ್ನಡ ಬಿಟ್ಟರೆ ಸರಿಹೋಗುತ್ತಾನೆ ಅಂತ ಮಾವ ಹೇಳಿದರಂತೆ. ಟೀಚರ್ ಹೇಳಿದ್ದು ತಿರುಗಾ ಮುರುಗಾ. ಕನ್ನಡ ನಿಲ್ಲಿಸಲೇಬೇಡಿ, ಕಥೆ ಜಾಸ್ತಿ ಹೇಳಿ ಅಂದರು.

ಇದನ್ನೆಲ್ಲ ಟಿ.ಸಿ.ಯಲ್ಲಿ ಬರೆದುಬಿಡುತ್ತಾರಾ ಅಂತ ಕೇಳಿದ್ದೀರಿ. ನನಗೂ ಅದೇ ದಿಗಿಲಿತ್ತು, ಕೇಳಿಯೇಬಿಟ್ಟೆ. ಇಲ್ಲಿ 2025ರ ಆಗಸ್ಟ್‌ನಿಂದ ಹೊಸ ಕಾನೂನು ಬಂದಿದೆ. ಕ್ಲಾಸಿನ ಜೊತೆಗೇ ಸಿಗುವ ಇಂಥ ಸಹಾಯಕ್ಕೆ ಯಾವ ಆದೇಶವೂ ಬೇಡ, ಸರ್ಟಿಫಿಕೇಟೂ ಬೇಡ. ಬೇಕಾದ ಮಗುವಿಗೆ ಕೊಟ್ಟರೆ ಆಯಿತು. ಅದು ಸಾಲದೆ ಒಂದು ಮಗುವಿಗೆ ಅಂತಲೇ ಬೇರೆ ವ್ಯವಸ್ಥೆ ಬೇಕಾದಾಗ ಮಾತ್ರ ಬರವಣಿಗೆಯಲ್ಲಿ ತೀರ್ಮಾನ ಆಗಬೇಕು. ಪುಟ್ಟ ಅಲ್ಲಿಯವರೆಗೆ ಹೋಗಿಲ್ಲ. ಹೋಗುವುದೂ ಇಲ್ಲ, ನೋಡಿ ಬೇಕಾದರೆ.

ಇನ್ನು ಸೈಕಾಲಜಿಸ್ಟ್. ಹುಚ್ಚಾಸ್ಪತ್ರೆ ಡಾಕ್ಟರ್ ಅಲ್ಲ ಅಪ್ಪಾ. ನರ್ಸ್ ಇದ್ದ ಹಾಗೆ ಅವರೂ ಸ್ಕೂಲಿನ ಮಕ್ಕಳಿಗೆ ಅಂತಲೇ ಇರುವವರು. ಮಗು ಮಾತಾಡಬೇಕು ಅಂತ ಕೇಳಿದರೆ 7 ಶಾಲಾ ದಿನದೊಳಗೆ ಭೇಟಿ ಕೊಡಲೇಬೇಕು. ತುರ್ತಾದರೆ ಅದೇ ದಿನ, ಇಲ್ಲ ಮಾರನೇ ದಿನ. ಕಾನೂನೇ ಹಾಗಿದೆ. 2023ರಿಂದ ಈ ಸೈಕಾಲಜಿಸ್ಟು, ನರ್ಸು ಎಲ್ಲ ನಗರಸಭೆಗೆ ಸೇರದೆ, ಆಸ್ಪತ್ರೆ ನೋಡಿಕೊಳ್ಳುವ ಜಿಲ್ಲೆಯಂಥ ಇನ್ನೊಂದು ಸಂಸ್ಥೆಗೆ ಸೇರಿದ್ದಾರೆ. ಪಾಠ ನಗರಸಭೆಯದು, ಮಗುವಿನ ಮನಸ್ಸು ಜಿಲ್ಲೆಯದು! ಹೊಟ್ಟೆನೋವು ಭಯಕ್ಕೆ ಬರುತ್ತಿದೆಯಾ ಅಂತ ತಿಳಿಯಲು ಅವರು ನಮ್ಮನ್ನೂ ಕೂರಿಸಿಕೊಂಡು ಮಾತಾಡಿಸಿದರು, ಅಷ್ಟೇ. ಈಗ ಹೊಟ್ಟೆನೋವು ಕಡಿಮೆಯಾಗಿದೆ. ಪೂರ್ತಿ ಹೋಗಿದೆ ಅಂತಲೇ ಅಂದುಕೊಳ್ಳಿ.

ಹೌದು, ನಗರಸಭೆ ಶಾಲೆಯೇ. ಅಮ್ಮ ಕೇಳಿದಳಲ್ಲ, ಅಷ್ಟು ದೂರ ಹೋಗಿ ಕಾನ್ವೆಂಟ್ ಸಿಗಲಿಲ್ವಾ ಅಂತ. ಇಲ್ಲಿ ಡಾಕ್ಟರ ಮಕ್ಕಳೂ ಬಸ್ ಡ್ರೈವರ್ ಮಕ್ಕಳೂ ಅದೇ ಶಾಲೆಗೆ ಹೋಗುತ್ತಾರೆ. ಫೀಸ್ ಇಲ್ಲ, ಪುಸ್ತಕಕ್ಕೆ ದುಡ್ಡಿಲ್ಲ. ನಮ್ಮ ಬಿಸಿಯೂಟದ ಹಾಗೆ ಇಲ್ಲೂ ಊಟ ಕೊಡುತ್ತಾರೆ, ಅದೂ 1948ರಿಂದ. ಗುರುವಾರ ಬಟಾಣಿ ಸೂಪು ಮಾಡುವುದು ಇವರ ಸಂಪ್ರದಾಯ. ಪುಟ್ಟ ಅದನ್ನು ಬೇಳೆಸಾರು ಅಂದುಕೊಂಡು ಕುಡಿಯುತ್ತಾನೆ. ಮೈನಸ್ 10 ಡಿಗ್ರಿಯಲ್ಲೂ ಬಿಡುವಿನ ಹೊತ್ತಿಗೆ ಆಚೆ ಅಟ್ಟುತ್ತಾರೆ. ಇದನ್ನು ಅಮ್ಮನಿಗೆ ಓದಿ ಹೇಳಬೇಡಿ.

ನಿಮಗೆ ಚಿಕ್ಕಪ್ಪನ ನಾಗೇಶ ನೆನಪಾಗಿದ್ದಾನೆ, ನೀವು ಬರೆಯದಿದ್ದರೂ ಗೊತ್ತು. ನನಗೂ ಅವನೇ ಕಣ್ಣೆದುರು ಬರುತ್ತಾನೆ. ಓದಲು ಎದ್ದು ನಿಲ್ಲಿಸಿದರೆ ಅವನ ಕಿವಿ ಕೆಂಪಗಾಗುತ್ತಿತ್ತು. ಇಡೀ ಕ್ಲಾಸು ನಗುತ್ತಿತ್ತು. ಮೇಷ್ಟರು ಹೊಡೆದರು, ಚಿಕ್ಕಪ್ಪ ಹೊಡೆದರು, ಏಳಕ್ಕೇ ಬಿಟ್ಟ. ಈಗ ಎಸ್ಟೇಟಿನವರು ಪಂಪ್‌ಸೆಟ್ ಕೆಟ್ಟರೆ ಅವನನ್ನೇ ಹುಡುಕಿಕೊಂಡು ಬರುತ್ತಾರೆ, ಆದರೂ ಬ್ಯಾಂಕಿನ ಫಾರಂ ತುಂಬಲು ನಿಮ್ಮ ಹತ್ತಿರ ಬರುತ್ತಾನೆ. ಅವನು ದಡ್ಡ ಅಂತ ನಿಮಗೆ ಯಾವತ್ತಾದರೂ ಅನ್ನಿಸಿದೆಯಾ? ಅವನ ಮಗಳೂ ಓದಲು ತಡವರಿಸುತ್ತಾಳೆ ಅಂತ ಅಮ್ಮ ಹೇಳುತ್ತಿದ್ದಳು. ಒಂದು ಸಲ ಬಿ.ಆರ್.ಸಿ.ಗೆ, ಅಂದರೆ ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ, ಹೋಗಿ ವಿಶೇಷ ಮಕ್ಕಳ ಸಂಪನ್ಮೂಲ ಶಿಕ್ಷಕರನ್ನು ನೋಡಿ ಬರಲು ನಾಗೇಶನಿಗೆ ಹೇಳಿ. ನಮ್ಮಲ್ಲೂ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಕಲಿಕೆಯ ತೊಂದರೆ ಸೇರಿದೆ. ನೀವೇ ಜೊತೆಗೆ ಹೋದರೆ ಒಳ್ಳೆಯದು, ಅವನು ಆಫೀಸಿನ ಮೆಟ್ಟಿಲು ಹತ್ತಲು ಹೆದರುತ್ತಾನೆ.

ಪುಟ್ಟನಿಗೆ ಏನೂ ಇಲ್ಲ. ಚೆನ್ನಾಗಿ ತಿನ್ನುತ್ತಾನೆ, ಮಲಗುತ್ತಾನೆ, ತೂಕವೂ ಏರಿದೆ. ನೀವು ನಿದ್ದೆಗೆಡಬೇಡಿ. ಶೇಖರ ಮಾವನಿಗೆ ಏನಾದರೂ ಹೇಳಲೇಬೇಕು ಅಂದರೆ ಸ್ಪೆಷಲ್ ಕ್ಲಾಸ್ ಅನ್ನಿ, ಸುಳ್ಳೇನಲ್ವಲ್ಲ. ಅತ್ತೆ ಕಿವಿಗಂತೂ ಹಾಕಲೇಬೇಡಿ.

ಅವನನ್ನು ಈಜಿಗೆ ಬಿಡಬೇಕು, ಬಸ್ಸಿಗೆ ಹೊತ್ತಾಯಿತು. ದುಡ್ಡು ಮುಂದಿನ ವಾರ ಹಾಕುತ್ತೇನೆ. ಪಾರ್ಸೆಲ್ ಕಳಿಸುವುದಾದರೆ ಕಾಫಿಪುಡಿ ಸಾಕು, ಉಪ್ಪಿನಕಾಯಿ ಬೇಡ, ಹೋದ ಸಲ ಸೋರಿತ್ತು. ಭಾನುವಾರ ಫೋನ್ ಮಾಡುತ್ತೇನೆ.

ನಿಮ್ಮ ಮಗಳು,
ಸುಮಾ