ಮಗುವಿನ ಕೈಯಲ್ಲಿ ಅಪ್ಪನ ಖಾತೆ: ಆನ್‌ಲೈನ್ ಅಂಗಡಿಗಳಿಗೆ ಬೀಗ ಎಲ್ಲೆಲ್ಲಿ ಬೇಕು

ಮಾನ್ಯ ಸಂಪಾದಕರೇ,

ಅಶ್ಲೀಲ ದೃಶ್ಯಗಳಿಗಾಗಿ 18 ಒಟಿಟಿ ವೇದಿಕೆಗಳನ್ನು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್‌ನಲ್ಲಿ ನಿರ್ಬಂಧಿಸಿತು. ಅದೇ ಆದೇಶದಲ್ಲಿ 10 ಆ್ಯಪ್‌ಗಳೂ ಹೋದವು. ಅವುಗಳಲ್ಲಿ 7 ಗೂಗಲ್ ಪ್ಲೇ ಸ್ಟೋರ್‌ನಲ್ಲಿ, 3 ಆ್ಯಪಲ್‌ನ ಆ್ಯಪ್ ಸ್ಟೋರ್‌ನಲ್ಲಿ ಸಿಗುತ್ತಿದ್ದವು. ಒಂದು ಆ್ಯಪಂತೂ 1 ಕೋಟಿಗೂ ಹೆಚ್ಚು ಸಲ ಡೌನ್‌ಲೋಡ್ ಆಗಿತ್ತೆಂದು ಸಚಿವಾಲಯವೇ ತಿಳಿಸಿತು. ಮಕ್ಕಳು ಗೇಮ್ ಹುಡುಕುವ ಅಂಗಡಿಯಲ್ಲೇ ಇವೂ ಇದ್ದವು. 2025ರ ಜುಲೈನಲ್ಲಿ ಮತ್ತೆ 25 ವೇದಿಕೆಗಳ ಮೇಲೆ ಕ್ರಮವಾಯಿತು. ಇಂಥ ಆದೇಶಗಳು ಬೇಕೇ ಬೇಕು. ಆದರೆ ಅವು ಬರುವ ಹೊತ್ತಿಗೆ ನೋಡಬಾರದವರೂ ನೋಡಿಯಾಗಿರುತ್ತದೆ. ಹಾಗಾಗಿ ಮನೆಯಲ್ಲಿ ಹಾಕಬೇಕಾದ ಬೀಗದ ಬಗ್ಗೆ ನಾಲ್ಕು ಮಾತು.

ನಮ್ಮ ಮನೆಗಳಲ್ಲಿ ಮಕ್ಕಳು ಹಿಡಿಯುವುದು ಹೆಚ್ಚಾಗಿ ಅಪ್ಪ ಅಥವಾ ಅಮ್ಮನ ಫೋನ್. ಅದರಲ್ಲಿರುವ ಜಿ-ಮೇಲ್ ಖಾತೆ ದೊಡ್ಡವರದು, ಅದರಲ್ಲಿ ನಮೂದಾದ ಹುಟ್ಟಿದ ದಿನಾಂಕವೂ ಅವರದೇ. ಎಂಟು ವರ್ಷದ ಮಗು ಹುಡುಕಾಟದ ಪಟ್ಟಿಯಲ್ಲಿ ಬೆರಳಾಡಿಸುತ್ತಿದ್ದರೂ ಸ್ಟೋರ್ ಪಾಲಿಗೆ ಅಲ್ಲಿರುವುದು ನಲವತ್ತು ವರ್ಷದ ಗ್ರಾಹಕ. ವಯಸ್ಸಿನ ಮೇಲೆ ನಿಂತಿರುವ ರಕ್ಷಣೆಗಳೆಲ್ಲ ಇಲ್ಲೇ ಕುಸಿಯುತ್ತವೆ.

ಪ್ಲೇ ಸ್ಟೋರ್‌ನಿಂದ ಶುರು ಮಾಡೋಣ. ಬಲಗಡೆ ಮೇಲಿರುವ ಪ್ರೊಫೈಲ್ ಚಿತ್ರ ಒತ್ತಿ, ಸೆಟ್ಟಿಂಗ್ಸ್, ಅದರೊಳಗೆ ಫ್ಯಾಮಿಲಿ, ಅಲ್ಲಿ ಪೇರೆಂಟಲ್ ಕಂಟ್ರೋಲ್ಸ್‌ಗೆ ಹೋಗಿ ಆನ್ ಮಾಡಿ. ನಾಲ್ಕಂಕಿಯ ಪಿನ್ ಕೇಳುತ್ತದೆ. ನಂತರ ಆ್ಯಪ್ಸ್ ಅಂಡ್ ಗೇಮ್ಸ್ ಒತ್ತಿದರೆ 3+, 7+, 12+, 16+, 18+ ಎಂಬ ಹಂತಗಳು ಕಾಣುತ್ತವೆ. ಹತ್ತು ವರ್ಷದೊಳಗಿನ ಮಗುವಿದ್ದರೆ 7+ ಆರಿಸಿ ಸೇವ್ ಮಾಡಿ. ಎರಡು ನಿಮಿಷದ ಕೆಲಸ. ಫೋನಿನ ಸ್ಕ್ರೀನ್ ಲಾಕ್ ಸಂಖ್ಯೆಯನ್ನೇ ಇಲ್ಲೂ ಇಡಬೇಡಿ, ಅದು ಮಕ್ಕಳಿಗೆ ಗೊತ್ತಿರುತ್ತದೆ. ಯುಪಿಐ ಪಿನ್ ಅಂತೂ ಬೇಡವೇ ಬೇಡ.

ಈ ಬೀಗ ಹಾಕಿದವರೂ ಎಡವುವ ಜಾಗಗಳಿವೆ. ಈಗಾಗಲೇ ಇನ್‌ಸ್ಟಾಲ್ ಆಗಿರುವ ಆ್ಯಪನ್ನು ಅದು ಮುಟ್ಟುವುದಿಲ್ಲ, ಹಳೆಯದನ್ನು ನೀವೇ ನೋಡಿ ತೆಗೆಯಬೇಕು. ಹಾಕಿದ ಸಾಧನಕ್ಕೆ ಮಾತ್ರ ಅದು ಅನ್ವಯ. ಅಮ್ಮನ ಫೋನ್, ಅಜ್ಜಿ ಮನೆಯ ಟ್ಯಾಬ್, ಗೋಡೆಯ ಮೇಲಿನ ಟಿ.ವಿ. ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಹಾಕಬೇಕು. ‘ಖರೀದಿಗೆ ಪಾಸ್‌ವರ್ಡ್ ಇಟ್ಟಿದ್ದೇವಲ್ಲ’ ಎಂದು ನಿಶ್ಚಿಂತರಾಗುವವರು ಬಹಳ. ಆ ಪಾಸ್‌ವರ್ಡ್ ಕಾಯುವುದು ದುಡ್ಡನ್ನು. ಪುಕ್ಕಟೆ ಆ್ಯಪ್‌ಗೆ ಅದರ ತಡೆಯಿಲ್ಲ.

ಇನ್ನೊಂದು ಕಿಂಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ಯಾಮ್‌ಸಂಗ್ ಫೋನಿನಲ್ಲಿ ಗ್ಯಾಲಕ್ಸಿ ಸ್ಟೋರ್ ಇರುವ ಹಾಗೆ ಕೆಲವು ಫೋನ್‌ಗಳಲ್ಲಿ ಕಂಪನಿಯ ಸ್ವಂತ ಅಂಗಡಿಗಳಿರುತ್ತವೆ. ಪ್ಲೇ ಸ್ಟೋರ್‌ನ ಪಿನ್‌ಗೂ ಅವಕ್ಕೂ ಸಂಬಂಧವಿಲ್ಲ. ಅಲ್ಲದೆ ವಾಟ್ಸ್‌ಆ್ಯಪ್, ಟೆಲಿಗ್ರಾಂನಲ್ಲಿ ಬರುವ, ಒತ್ತಿದರೆ ನೇರವಾಗಿ ಆ್ಯಪ್ ಇನ್‌ಸ್ಟಾಲ್ ಮಾಡುವ ಎಪಿಕೆ ಫೈಲಿಗೆ ಯಾವ ಅಂಗಡಿಯೂ ಬೇಕಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಹುಡುಕಿ, ಕ್ರೋಮ್, ವಾಟ್ಸ್‌ಆ್ಯಪ್, ಟೆಲಿಗ್ರಾಂ, ಫೈಲ್ ಮ್ಯಾನೇಜರ್ ಎಲ್ಲಕ್ಕೂ ಅನುಮತಿ ಆಫ್ ಮಾಡಿ. ಬ್ಯಾಂಕ್ ವಂಚನೆಯ ಎಪಿಕೆಗಳಿಗೂ ಇದೇ ತಡೆ.

ಮಗುವಿಗೆ ಸ್ವಂತ ಫೋನ್ ಕೊಟ್ಟಿದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಮೇಲು. ನಿಜವಾದ ಹುಟ್ಟಿದ ದಿನಾಂಕ ಕೊಟ್ಟು ಮಗುವಿನ ಹೆಸರಿನಲ್ಲೇ ಖಾತೆ ತೆರೆದರೆ ಪ್ರತಿ ಆ್ಯಪ್‌ಗೂ ಒಪ್ಪಿಗೆ ಕೇಳುವ ಸೂಚನೆ ನಿಮ್ಮ ಫೋನಿಗೆ ಬರುವಂತೆ ಮಾಡಬಹುದು. ಐಫೋನ್‌ನಲ್ಲಾದರೆ ಸ್ಕ್ರೀನ್ ಟೈಮ್‌ನೊಳಗಿನ ಕಂಟೆಂಟ್ ಅಂಡ್ ಪ್ರೈವೆಸಿ ರಿಸ್ಟ್ರಿಕ್ಷನ್ಸ್ ನೋಡಿ. ಆ್ಯಪ್, ಸಿನಿಮಾಗಳಿಗೆ ವಯಸ್ಸಿನ ಮಿತಿ ಹಾಕುವುದರ ಜೊತೆ ಹಾಡು, ಪಾಡ್‌ಕಾಸ್ಟ್, ಪುಸ್ತಕಗಳನ್ನೂ ಅಲ್ಲಿ ‘ಕ್ಲೀನ್’ ಎಂಬುದಕ್ಕೆ ಸೀಮಿತಗೊಳಿಸಬಹುದು.

ಒಟಿಟಿಯ ಬೀಗಕ್ಕೆ ಕಾನೂನಿನ ಬೆಂಬಲವಿದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಚಿತ್ರಗಳನ್ನು ಯು, ಯು/ಎ 7+, 13+, 16+, ಎ ಎಂದು ವಿಂಗಡಿಸಬೇಕು. 13+ ಮತ್ತು ಅದರ ಮೇಲಿನವಕ್ಕೆ ಪೋಷಕರ ಬೀಗ, ‘ಎ’ ವರ್ಗಕ್ಕೆ ವಯಸ್ಸಿನ ದೃಢೀಕರಣ ಕಡ್ಡಾಯ. ಮನೆಗಳಲ್ಲಿ ಆಗುವ ತಪ್ಪೆಂದರೆ ಮಕ್ಕಳಿಗೆ ಬೇರೆ ಪ್ರೊಫೈಲ್ ಮಾಡಿಕೊಟ್ಟು ದೊಡ್ಡವರ ಪ್ರೊಫೈಲನ್ನು ತೆರೆದೇ ಇಡುವುದು. ಬೀಗ ಬೇಕಾದದ್ದು ದೊಡ್ಡವರದಕ್ಕೆ. ನೆಟ್‌ಫ್ಲಿಕ್ಸ್‌ನಲ್ಲಿ ಖಾತೆಯ ಪುಟಕ್ಕೆ ಹೋಗಿ ಪ್ರತಿ ದೊಡ್ಡವರ ಪ್ರೊಫೈಲ್‌ಗೂ ಪ್ರೊಫೈಲ್ ಲಾಕ್ ಹಾಕಿ. ಹೊಸ ಪ್ರೊಫೈಲ್ ಸೇರಿಸಲೂ ಪಿನ್ ಬೇಕೆಂಬ ಆಯ್ಕೆ ಅಲ್ಲೇ ಇದೆ, ಅದಕ್ಕೂ ಟಿಕ್ ಹಾಕಿ. ಇಲ್ಲದಿದ್ದರೆ ಮಗು ತನಗೆ ಬೇಕಾದ ಪ್ರೊಫೈಲನ್ನು ತಾನೇ ಮಾಡಿಕೊಳ್ಳುತ್ತದೆ.

ನಮ್ಮ ನಿಜವಾದ ಚಿಂತೆ ಇ-ಪುಸ್ತಕದ ಅಂಗಡಿಗಳದ್ದು. ಒಟಿಟಿಗೆ ಇರುವ ವಯಸ್ಸಿನ ವರ್ಗೀಕರಣ ಇವಕ್ಕಿಲ್ಲ. ಯಾರು ಬೇಕಾದರೂ ಬರೆದು, ಮುಖಪುಟ ಅಂಟಿಸಿ, ಹುಡುಕುಪದಗಳನ್ನು ತಾವೇ ಕೊಟ್ಟು ಸ್ವಯಂ-ಪ್ರಕಾಶನ ಮಾಡಬಹುದು. ಮೊದಲ ಕೆಲವು ಪುಟ ಮಾದರಿಯಾಗಿ ಪುಕ್ಕಟೆ ಸಿಗುವುದರಿಂದ ಖರೀದಿಯ ಪಾಸ್‌ವರ್ಡ್ ಅಡ್ಡ ಬರುವುದೇ ಇಲ್ಲ. 2013ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನಲ್ಲಿ ಪುಸ್ತಕ ಮಾರುವ ಹಳೆಯ ಸಂಸ್ಥೆ ಡಬ್ಲ್ಯು.ಎಚ್. ಸ್ಮಿತ್ ತನ್ನ ಜಾಲತಾಣವನ್ನೇ ಕೆಲಕಾಲ ಮುಚ್ಚಬೇಕಾಯಿತು. ‘ಡ್ಯಾಡಿ’ ಎಂದು ಹುಡುಕಿದರೆ ಮಕ್ಕಳ ಪುಸ್ತಕಗಳ ಪಕ್ಕದಲ್ಲೇ ಲೈಂಗಿಕ ದೌರ್ಜನ್ಯದ ಕಥೆಗಳು ಬರುತ್ತಿದ್ದವು. ಕೋಬೋ ಎಂಬ ಇ-ಪುಸ್ತಕ ಕಂಪನಿಯ ಸ್ವಯಂ-ಪ್ರಕಾಶಿತ ಪುಸ್ತಕಗಳು ಸ್ಮಿತ್ ಸಂಸ್ಥೆಯ ಪಟ್ಟಿಯೊಳಗೆ ಸೇರಿಕೊಂಡಿದ್ದವು. ಎರಡನ್ನೂ ಬೇರ್ಪಡಿಸುವ ಗೋಡೆಯೇ ಇರಲಿಲ್ಲ. ಕಿಂಡಲ್ ಸಾಧನವಿದ್ದರೆ ಸೆಟ್ಟಿಂಗ್ಸ್‌ನ ಪೇರೆಂಟಲ್ ಕಂಟ್ರೋಲ್ಸ್‌ನಲ್ಲಿ ಸ್ಟೋರನ್ನೇ ಮುಚ್ಚಿ, ಪುಸ್ತಕಗಳನ್ನು ನೀವೇ ಆರಿಸಿ ಹಾಕಿಕೊಡುವುದು ಕ್ಷೇಮ.

ಕೆಟ್ಟದ್ದು ಕಣ್ಣಿಗೆ ಬಿದ್ದಾಗ ಬೈದು ಸುಮ್ಮನಾಗಬೇಡಿ, ದೂರು ಕೊಡಿ. ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ನ ಪುಟದ ಮೂರು ಚುಕ್ಕಿ ಒತ್ತಿದರೆ ‘ಫ್ಲ್ಯಾಗ್ ಆ್ಯಸ್ ಇನ್‌ಅಪ್ರೋಪ್ರಿಯೇಟ್’ ಸಿಗುತ್ತದೆ. ಒಟಿಟಿಯಾದರೆ ಅದರ ಕುಂದುಕೊರತೆ ಅಧಿಕಾರಿಗೆ ಚಿತ್ರದ ಹೆಸರು, ಕಂತು, ನಿಮಿಷ ಸಮೇತ ಬರೆಯಿರಿ. 15 ದಿನದೊಳಗೆ ಅವರು ತೀರ್ಮಾನ ತಿಳಿಸಬೇಕು. ಒಂದು ಎಚ್ಚರಿಕೆ: ಅಶ್ಲೀಲ ದೃಶ್ಯದಲ್ಲಿ ಮಕ್ಕಳೇ ಇದ್ದರೆ ಸ್ಕ್ರೀನ್‌ಶಾಟ್ ತೆಗೆಯುವುದಾಗಲಿ, ‘ನೋಡಿ ಹೀಗಿದೆ’ ಎಂದು ಗುಂಪಿಗೆ ಕಳಿಸುವುದಾಗಲಿ ಬೇಡ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಅದು ನಿಮಗೇ ಉರುಳಾದೀತು. ಅದು ಸಿಕ್ಕ ಪುಟದ ವಿಳಾಸವನ್ನಷ್ಟೇ (ಲಿಂಕ್) ಬರೆದಿಟ್ಟುಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದಾಖಲಿಸಿ. ಈ ಬಗೆಯ ದೂರಿಗೆ ಹೆಸರು ಹೇಳಬೇಕಾಗಿಲ್ಲ.

ಸರ್ಕಾರಕ್ಕೆ ನಮ್ಮ ಬೇಡಿಕೆ ಎರಡೇ. ಒಟಿಟಿಗೆ ಕಡ್ಡಾಯವಾಗಿರುವ ಯು/ಎ ವರ್ಗೀಕರಣವನ್ನು ಇ-ಪುಸ್ತಕ ಮತ್ತು ಆಡಿಯೊ ಕಥೆಗಳ ಅಂಗಡಿಗಳಿಗೂ ವಿಸ್ತರಿಸಬೇಕು. ಹೊಸ ಫೋನ್ ಮೊದಲ ಸಲ ಆನ್ ಆದಾಗ ಭಾಷೆ, ವೈಫೈ ಕೇಳುವ ಹಾಗೆಯೇ ‘ಈ ಫೋನನ್ನು ಮಕ್ಕಳೂ ಬಳಸುತ್ತಾರೆಯೇ?’ ಎಂದು ಕನ್ನಡದಲ್ಲಿ ಕೇಳಬೇಕು. ಹೌದು ಎಂದರೆ ಮೇಲೆ ಹೇಳಿದ ಬೀಗಗಳೆಲ್ಲ ಅಲ್ಲೇ, ಒಂದೇ ಪಿನ್‌ನಲ್ಲಿ ಬೀಳಬೇಕು.

— ಕೆಲವು ಕಂಪ್ಯೂಟರ್ ಶಿಕ್ಷಕರು, ಶಿವಮೊಗ್ಗ