ಮೊದಲು ಸಿನಿಮಾ ನೋಡು, ವಿಷಯ ಆಮೇಲೆ

ಪ್ರೀತಿಯ ತಂಗಿ,

ಫಿಲಡೆಲ್ಫಿಯಾದ ಬ್ಲ್ಯಾಕ್‌ಸ್ಟಾರ್ ಚಿತ್ರೋತ್ಸವದ ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ಆ ಉತ್ಸವ 2012ರಲ್ಲಿ ಶುರುವಾಯಿತು, ಕಪ್ಪು ಜನರ ನಾಯಕ ಮಾರ್ಕಸ್ ಗಾರ್ವಿ ಕಟ್ಟಿದ ಹಡಗು ಕಂಪನಿಯ ಹೆಸರನ್ನು ಇಟ್ಟುಕೊಂಡಿದೆ, ಇದೆಲ್ಲ ಸರಿಯಾಗಿ ಬರೆದಿದ್ದೀಯ. ಆದರೆ ಚಿತ್ರಗಳ ವಿಷಯಕ್ಕೆ ಬಂದಾಗ ನೋವು, ಶೋಷಣೆ, ಪ್ರತಿರೋಧ ಬಿಟ್ಟರೆ ಬೇರೇನೂ ಇಲ್ಲ. ಕಪ್ಪು ಜನರ ಸಿನಿಮಾ ಅಂದ ತಕ್ಷಣ ಏನು ಬರೆಯಬೇಕು ಅಂತ ನೀನು ಮೊದಲೇ ತೀರ್ಮಾನಿಸಿದ ಹಾಗಿದೆ. ತೆರೆಯ ಮೇಲೆ ನಿನಗೆ ಏನು ಕಂಡಿತು?

ಚಾರ್ಲ್ಸ್ ಬರ್ನೆಟ್ ಅವರ 'ಕಿಲ್ಲರ್ ಆಫ್ ಶೀಪ್' ನೋಡು. ಲಾಸ್ ಏಂಜಲೀಸಿನಲ್ಲಿ ಸಿನಿಮಾ ಓದುತ್ತಿದ್ದಾಗ ಪದವಿಗಾಗಿ ಮಾಡಿದ ಚಿತ್ರ. ವಾಟ್ಸ್ ಬಡಾವಣೆಯಲ್ಲಿ, ವಾರಾಂತ್ಯಗಳಲ್ಲಿ, ಅಕ್ಕಪಕ್ಕದವರನ್ನೇ ಇಟ್ಟುಕೊಂಡು 10,000 ಡಾಲರಿಗೂ ಕಡಿಮೆ ಖರ್ಚಿನಲ್ಲಿ ತೆಗೆದದ್ದು. ಕಸಾಯಿಖಾನೆಯಲ್ಲಿ ಕೆಲಸ ಮಾಡುವ ಸ್ಟ್ಯಾನ್ ಒಂದು ಹಳೇ ಕಾರಿನ ಎಂಜಿನ್ ಕೊಳ್ಳುತ್ತಾನೆ. ಗೆಳೆಯನ ಜೊತೆ ಅದನ್ನು ಮೆಟ್ಟಿಲಿಳಿಸಿ, ಏದುಸಿರು ಬಿಡುತ್ತಾ ಗಾಡಿಗೆ ಹೇರುತ್ತಾನೆ. ಗಾಡಿ ಹೊರಟ ಕೂಡಲೇ ಎಂಜಿನ್ ಹಿಂದಕ್ಕೆ ಉರುಳಿ ರಸ್ತೆಗೆ ಬಿದ್ದು ಹಾಳಾಗುತ್ತದೆ. ನಗು ಬರುತ್ತದೆ, ಮರುಕ್ಷಣ ಹೊಟ್ಟೆ ಚುರ್ ಅನ್ನುತ್ತದೆ. ಆ ಕುಟುಂಬದ ಬಡತನದ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ. ನೀನೂ ಮಾಡಬೇಡ. ಎಂಜಿನ್ ಬಿದ್ದದ್ದನ್ನು ಬರೆ, ಸಾಕು.

ಅದೇ ಚಿತ್ರದಲ್ಲಿ ಗಂಡ ಹೆಂಡತಿ ಗಾಯಕಿ ಡೈನಾ ವಾಷಿಂಗ್ಟನ್ ಹಾಡಿಗೆ ನಿಧಾನವಾಗಿ ಕುಣಿಯುವ ದೃಶ್ಯವಿದೆ. ಇಂಥ ಹಾಡುಗಳೇ ಚಿತ್ರದ ಜೀವ. ಅವುಗಳ ಹಕ್ಕು ಪಡೆದಿರಲಿಲ್ಲವಾದ್ದರಿಂದ 1977ರಲ್ಲಿ ಮುಗಿದ ಚಿತ್ರ ಅಮೆರಿಕದ ಥಿಯೇಟರುಗಳಿಗೆ ಬಂದದ್ದು 2007ರಲ್ಲಿ. ಹಕ್ಕುಗಳಿಗೇ ಸುಮಾರು 1,50,000 ಡಾಲರ್ ಬೇಕಾಯಿತು. ತಮಾಷೆ ನೋಡು, ದೇಶದ ಆಸ್ತಿಯಾಗಿ ಕಾಪಾಡಬೇಕಾದ ಚಿತ್ರಗಳ ಸರ್ಕಾರಿ ಪಟ್ಟಿಗೆ ಅದು 1990ರಲ್ಲೇ ಸೇರಿತ್ತು. ಟಿಕೆಟ್ ಕೊಂಡು ನೋಡುವ ಭಾಗ್ಯ ಮಾತ್ರ ಜನಕ್ಕಿರಲಿಲ್ಲ!

ಇನ್ನೊಂದು, ಕ್ಯಾಥ್ಲೀನ್ ಕಾಲಿನ್ಸ್ ಅವರ 1982ರ 'ಲೂಸಿಂಗ್ ಗ್ರೌಂಡ್'. ನಾಯಕಿ ತತ್ವಶಾಸ್ತ್ರದ ಪ್ರೊಫೆಸರ್, ಗಂಡ ಚಿತ್ರಕಾರ. ಬೇಸಿಗೆ ಕಳೆಯಲು ಹೋದಲ್ಲಿ ದಾಂಪತ್ಯ ಅಲುಗಾಡುತ್ತದೆ. ಪೊಲೀಸರಿಲ್ಲ, ಬಡತನವೂ ಇಲ್ಲ. ಕಪ್ಪು ಹೆಂಗಸೊಬ್ಬಳು ಯೋಚಿಸುತ್ತಾ ಕೂತಿರುವುದನ್ನು ನೋಡಲು ಅವತ್ತಿನ ಮಾರುಕಟ್ಟೆಗೆ ಇಷ್ಟವಿರಲಿಲ್ಲ ಅಂತ ನನ್ನ ಅನಿಸಿಕೆ. ಕಾಲಿನ್ಸ್ 1988ರಲ್ಲಿ ತೀರಿಕೊಂಡರು. ಮಗಳು ಮೂಲ ಪ್ರತಿಯನ್ನು ಉಳಿಸಿದ್ದರಿಂದ 2015ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಕಪ್ಪು ಸ್ವತಂತ್ರ ಚಿತ್ರಗಳ ಸರಣಿಯೊಂದರಲ್ಲಿ ಅದು ಜನರ ಮುಂದೆ ಬಂತು. ನಿನ್ನ ಮೂರು ಪದಗಳಲ್ಲಿ ಯಾವುದರೊಳಗೆ ಈ ಚಿತ್ರವನ್ನು ತುರುಕುತ್ತೀಯ ಹೇಳು?

ಬೆಳಕನ್ನೂ ಗಮನಿಸು. ಕಲರ್ ಫಿಲಂ ಬಹಳ ಕಾಲ ಬಿಳಿ ಚರ್ಮವನ್ನೇ ಅಳತೆಯಾಗಿ ಇಟ್ಟುಕೊಂಡಿತ್ತು. ಕಪ್ಪು ಮುಖ ಚೆನ್ನಾಗಿ ಕಾಣಬೇಕಾದರೆ ಕ್ಯಾಮೆರಾದವರು ಬೇರೆಯೇ ಲೆಕ್ಕ ಹಾಕಬೇಕಿತ್ತು. (ನಾಯಕಿಗೆ ಪೌಡರ್ ಬಳಿಯುವ ನಮ್ಮ ಸಿನಿಮಾದವರಿಗೆ ಈ ಕಷ್ಟ ಬರುವುದೇ ಇಲ್ಲ, ಅಲ್ವಾ?)

ಕೊನೆಯ ಪ್ಯಾರಾದಲ್ಲಿ 'ನಮ್ಮ ದಲಿತರ ಕಥೆಯೂ ಇದೇ' ಅಂದಿದ್ದೀಯ. ಸಂಬಂಧ ಇದೆ. 1946ರಲ್ಲಿ ಅಂಬೇಡ್ಕರ್ ಅವರು ಅಮೆರಿಕದ ಕಪ್ಪು ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಹೆಸರು ಬಂದದ್ದೂ ಅಮೆರಿಕದ ಕಪ್ಪು ಜನರ ಹೋರಾಟದ ಸಂಘಟನೆ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ. ಆದರೆ 'ಇದೇ' ಅಂದುಬಿಟ್ಟರೆ ಎರಡನ್ನೂ ಸರಿಯಾಗಿ ನೋಡದೆ ಜಾರಿಕೊಂಡ ಹಾಗೆ. ಆ ಪ್ಯಾರಾ ತೆಗೆದುಬಿಡು.

ಉತ್ಸವದಲ್ಲಿ ಕಂಡ ಇಪ್ಪತ್ತು ಚಿತ್ರಗಳ ಪಟ್ಟಿ ನನಗೆ ಬೇಡ. ಒಂದನ್ನೇ ಆರಿಸಿಕೊ. ಅದರ ನಿರ್ದೇಶಕರಿಗೆ ಮೇಲ್ ಮಾಡು. ಸುಮ್ನೆ ಸ್ಫೂರ್ತಿ ಏನು ಅಂತ ಕೇಳಬೇಡ. ದುಡ್ಡು ಎಲ್ಲಿಂದ ಬಂತು, ಹಾಡಿನ ಹಕ್ಕು ಯಾರ ಹತ್ತಿರ ಇದೆ, ಉತ್ಸವ ಮುಗಿದ ಮೇಲೆ ಚಿತ್ರ ಎಲ್ಲಿ ತೋರಿಸುತ್ತಾರೆ ಅಂತ ಕೇಳು. ನಿರ್ದೇಶಕ ಹೈಲೆ ಗೆರಿಮಾ 'ಸಂಕೋಫಾ' ಚಿತ್ರ ಮಾಡಿದಾಗ ವಿತರಕರು ಸಿಗದೆ ತಾವೇ ಥಿಯೇಟರ್ ಬಾಡಿಗೆಗೆ ಹಿಡಿದು ಊರೂರಿಗೆ ಒಯ್ದರು. ಈಗಿನವರಿಗೂ ಇಂಥದೊಂದು ಪಾಡು ಇದ್ದೇ ಇರುತ್ತದೆ, ಕೇಳಿದರೆ ಹೇಳುತ್ತಾರೆ.

ಉತ್ತರ ಬಂದ ಮೇಲೆ ಹೊಸದಾಗಿ ಬರೆದು ಕಳಿಸು. ಎಂಟು ನೂರು ಪದ ಮೀರಬೇಡ, ಸಂಪಾದಕರು ಕತ್ತರಿ ಹಾಕುತ್ತಾರೆ.

ಇಂತಿ,
ನಿನ್ನ ಅಕ್ಕ